ಅವಳಿಗಳ ಅಳತೆ

ಬಸವಣ್ಣೆವ್ವನ ತಲೆಯನ್ನು ಟೇಪು ಹಿಡಿದು ಮೊದಲ ಸಲ ಅಳೆದಾಗ ಅವಳಿಗೆ ನಲವತ್ತು ತುಂಬಿತ್ತು. ೧೯೭೯ರ ಚಳಿಗಾಲ. ಬೆಳಗಾವಿಯ ಹಿಂದವಾಡಿಯಲ್ಲಿ ತಂಗಿ ಕಾಂತಾಳ ಮನೆಯ ಪಡಸಾಲೆ. ಗಂಗಾದೇವಿ ಎಂಬ ಕಾಲೇಜು ಉಪನ್ಯಾಸಕಿ ಮೊದಲು ಕಾಂತಾಳ ತಲೆಗೆ, ಆಮೇಲೆ ಇವಳ ತಲೆಗೆ ಟೇಪು ಸುತ್ತಿ, ಏನನ್ನೋ ಬರೆದುಕೊಂಡು, ನಂಬಿಕೆ ಬಾರದವರಂತೆ ಮತ್ತೊಮ್ಮೆ ಸುತ್ತಿದಳು. ಬಸವಣ್ಣೆವ್ವನಿಗೆ ನಗು ತಡೆಯಲಾಗಲಿಲ್ಲ.

“ಈ ವಯಸ್ಸಿನ್ಯಾಗ ನಮಗ ಕೂಸಿನ ಕುಂಚಗಿ ಹೊಲಸ್ತೀರೇನ್ರಿ ಬಾಯಾರ?” ಎಂದಳು.

ಕಾಂತಾ ನಕ್ಕಳು. ಇಬ್ಬರೂ ನಗುವಾಗ ಬಾಯಿಗೆ ಎಡಗೈ ಅಡ್ಡ ಹಿಡಿದಿದ್ದನ್ನು ಕಂಡ ಗಂಗಾದೇವಿ ಅದನ್ನೂ ಬರೆದುಕೊಂಡಳು.

ಅಕ್ಕತಂಗಿಯರು ಒಂದೇ ಬಸಿರಲ್ಲಿ ಹುಟ್ಟಿದವರು. ಖಾನಾಪುರ ತಾಲ್ಲೂಕಿನ ಪಾರಿಶ್ವಾಡದ ರೈತ ಸಿದ್ದಪ್ಪ, ಅವನ ಹೆಂಡತಿ ನಿಂಗವ್ವ. ಅವರಿಗೆ ಹುಟ್ಟಿದ ಅವಳಿಗಳು. ಎರಡು ಕೂಸುಗಳಿಗೆ ಸಾಕಾಗುವಷ್ಟು ಹಾಲು ತಾಯಿಯಲ್ಲಿ ಇರಲಿಲ್ಲ. ಸಿದ್ದಪ್ಪನ ಅಕ್ಕ ಕಾಶವ್ವ ಬೆಳಗಾವಿಯಲ್ಲಿ ಅರಿವೆ ಅಂಗಡಿಯವನ ಹೆಂಡತಿ. ಮಕ್ಕಳಿರಲಿಲ್ಲ. ಒಂದು ಮಧ್ಯಾಹ್ನ ಬಂದು, ಒಂದು ಕೂಸನ್ನು ನನಗೆ ಕೊಡು ಎಂದು ತಮ್ಮನನ್ನು ಕೇಳಿದಳು. ಆಗ ತೊಟ್ಟಿಲಲ್ಲಿ ಒಂದು ಕೂಸು ನಿದ್ದೆಯಲ್ಲಿತ್ತು. ಇನ್ನೊಂದು ಎಚ್ಚರವಿತ್ತು. ಎಚ್ಚರವಿದ್ದುದನ್ನು ಕಾಶವ್ವ ಎತ್ತಿಕೊಂಡಳು. ಅದಕ್ಕೆ ಪೇಟೆಯ ರೂಢಿಯಂತೆ ಕಾಂತಾ ಎಂದು ಹೆಸರಿಟ್ಟಳು. ನಿದ್ದೆಯಲ್ಲಿದ್ದವಳು ಪಾರಿಶ್ವಾಡದಲ್ಲೇ ಉಳಿದು ಬಸವಣ್ಣೆವ್ವ ಆದಳು.

ಈ ಸಂಗತಿ ಮನೆಯಲ್ಲಿ ಯಾರೂ ಮುಚ್ಚಿಟ್ಟಿರಲಿಲ್ಲ. ಹಬ್ಬಕ್ಕೆಂದು ಕಾಂತಾ ಬಂದಾಗ ನೆರೆಯವರು ಇಬ್ಬರನ್ನೂ ಸಾಲಾಗಿ ನಿಲ್ಲಿಸಿ, ಯಾರು ಯಾರೆಂದು ಹೇಳುವ ಪಂದ್ಯ ಕಟ್ಟುತ್ತಿದ್ದರು. ಅಂಗಾಲು ನೋಡಿದರೆ ಗೊತ್ತಾಗುತ್ತಿತ್ತು. ಒಬ್ಬಳದು ಮೆತ್ತಗೆ, ಇನ್ನೊಬ್ಬಳದು ಒಡೆದದ್ದು. ಕಾಂತಾ ಮೆಟ್ರಿಕ್ ಮುಗಿಸಿ, ತರಬೇತಿ ಪಡೆದು, ಹುಡುಗಿಯರ ಶಾಲೆಯೊಂದರಲ್ಲಿ ಶಿಕ್ಷಕಿಯಾದಳು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈರಣ್ಣನನ್ನು ಮದುವೆಯಾದಳು. ಮಹಾನಂದಾ ಎಂಬ ಒಬ್ಬಳೇ ಮಗಳು. ಬಸವಣ್ಣೆವ್ವ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹದಿನೈದಕ್ಕೆ ಗುಂಜಿಯ ಉಳವಪ್ಪನ ಕೈ ಹಿಡಿದು, ಕಾಡಿನ ಅಂಚಿನ ಭತ್ತದ ಗದ್ದೆ, ಎಮ್ಮೆ, ಇಬ್ಬರು ಗಂಡುಮಕ್ಕಳು ಅಂತ ಬದುಕಿದಳು. ಅಕ್ಕಪಕ್ಕದವರೊಂದಿಗೆ ಮರಾಠಿ, ಮನೆಯಲ್ಲಿ ಕನ್ನಡ. ಎರಡರಲ್ಲೂ ಒಂದೇ ವೇಗದಲ್ಲಿ ಜಗಳವಾಡಬಲ್ಲ ಹೆಂಗಸು ಎಂದು ಊರಲ್ಲಿ ಹೆಸರಿತ್ತು.

ಗಂಗಾದೇವಿಗೆ ಇವರು ಸಿಕ್ಕಿದ್ದು ಕಾಂತಾಳ ಶಾಲೆಯಿಂದ. ಮನುಷ್ಯನ ಬುದ್ಧಿ, ಸ್ವಭಾವ, ಸಿಟ್ಟುಸೆಡವು ರಕ್ತದಲ್ಲಿ ಇಳಿದು ಬರುತ್ತವೋ, ಬೆಳೆದ ಮನೆಯಿಂದ ಬರುತ್ತವೋ ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ಜಿಲ್ಲೆಯ ಊರೂರು ತಿರುಗಿ ಅವಳಿಗಳನ್ನು ಹುಡುಕಿದ್ದಳು. ಸಿಕ್ಕವರೆಲ್ಲ ಒಂದೇ ಮನೆಯಲ್ಲಿ, ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು. ಬೇರೆ ಬೇರೆ ಮನೆಯಲ್ಲಿ ಬೆಳೆದ ಜೋಡಿ ಇದೊಂದೇ. ಈ ಜೋಡಿಯ ಸುದ್ದಿ ಕೇಳಿದ ದಿನ ತನಗೆ ಊಟ ಸೇರಲಿಲ್ಲ ಎಂದು ಅವಳೇ ಮುಂದೊಮ್ಮೆ ಹೇಳಿದಳು. ಮೂವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ, ಅವಳ ಮನೆತನದಲ್ಲಿ ಕಾಲೇಜು ಕಂಡ ಮೊದಲ ಹೆಣ್ಣು.

“ಒಂದ ಹಿಡಿ ಭತ್ತ ತಗೊಂಡು ಅರ್ಧ ನಿಮ್ಮ ಗದ್ದಿಯೊಳಗ, ಅರ್ಧ ಇನ್ಯಾರದೋ ಗದ್ದಿಯೊಳಗ ಬಿತ್ತಿದ್ರ ಬೆಳಿ ಹೆಂಗ ಬರತದ? ಅದನ್ನ ನೋಡಾಕತ್ತೀನ್ರಿ ನಾನು” ಎಂದು ಅವಳು ವಿವರಿಸಿದಾಗ ಬಸವಣ್ಣೆವ್ವನಿಗೆ ವಿಷಯ ಪಟ್ಟನೆ ತಿಳಿಯಿತು.

“ಒಂದು ಗದ್ದಿಗೆ ನೀರು ಹಾಯಿಸಿ, ಇನ್ನೊಂದಕ್ಕ ಹಾಯಿಸದಿದ್ರ?” ಎಂದು ಕೇಳಿದಳು.

“ಅದನ್ನೂ ನೋಡಬೇಕ್ರಿ.”

ಆ ಚಳಿಗಾಲ ಬಸವಣ್ಣೆವ್ವ ಗುಂಜಿಯಿಂದ ರೈಲು ಹತ್ತಿ ಹಿಂದವಾಡಿಗೆ ಹಲವು ಸಲ ಬಂದಳು. ಸುಗ್ಗಿಯ ಕೆಲಸ ಬಿಟ್ಟು ಹೊರಟಾಗ ಉಳವಪ್ಪ ಗೊಣಗಿದರೂ ತಡೆಯಲಿಲ್ಲ. ಅವಳಿಗೆ ತಂಗಿಯ ಜೊತೆ ಇರಲು ಒಂದು ನೆಪ ಬೇಕಾಗಿತ್ತು. ಕೂಸಿದ್ದಾಗ ಬೇರೆಯಾದವರು ಒಟ್ಟಿಗೆ ಮಲಗಿ, ಒಟ್ಟಿಗೆ ಎದ್ದು, ಸಾಲಾಗಿ ಕುಳಿತು ಚಹಾ ಕುಡಿದದ್ದು ಆಗಲೇ. ಇಬ್ಬರಿಗೂ ಚಹಾ ಆರಿ ತಣ್ಣಗಾಗಬೇಕು. ಇಬ್ಬರಿಗೂ ಬೆಕ್ಕು ಕಂಡರೆ ಆಗದು. ಒಂದು ಬೆಳಿಗ್ಗೆ ತರಕಾರಿ ಮಾರುವವಳು ಬಾಗಿಲಲ್ಲಿ ನಿಂತಿದ್ದ ಬಸವಣ್ಣೆವ್ವನ ಸೀರೆ ನೋಡಿ, “ಏನ್ರಿ ಟೀಚರ್‌ಬಾಯಿ, ಸಾಲಿ ಬಿಟ್ಟು ಹೊಲಕ್ಕ ಹೊಂಟೀರೇನು?” ಎಂದು ಕೇಳಿದ್ದನ್ನು ನೆನೆದು ವಾರಗಟ್ಟಲೆ ನಕ್ಕರು.

ಗಂಗಾದೇವಿ ಬಣ್ಣದ ಮರದ ತುಂಡುಗಳನ್ನು ಕೊಟ್ಟು, ಚಿತ್ರದಲ್ಲಿದ್ದಂತೆ ಜೋಡಿಸಲು ಹೇಳುತ್ತಿದ್ದಳು. ಕತೆ ಹೇಳಿ, ಅದನ್ನು ತಿರುಗಿ ಹೇಳಿಸುತ್ತಿದ್ದಳು. ಒಬ್ಬರಿಗೆ ಪರೀಕ್ಷೆ ನಡೆವಾಗ ಇನ್ನೊಬ್ಬರು ಒಳಗಿನ ಕೋಣೆಯಲ್ಲಿರಬೇಕು. ಎಲ್ಲ ಮುಗಿದ ಮೇಲೆ ಒಂದು ದಿನ ಇಬ್ಬರನ್ನೂ ಕೂಡಿಸಿಕೊಂಡು, ಸಂತೋಷ ತಡೆಯಲಾರದೆ ಹೇಳಿದಳು:

“ಓದು ಬರಹ ಬಾಜೂಕ ಇಟ್ಟು ನೋಡಿದ್ರ ನಿಮ್ಮಿಬ್ಬರ ಬುದ್ಧಿನೂ ಒಂದ ಮಟ್ಟದಾಗ ಅದ. ಕೂದಲೆಳಿಯಷ್ಟೂ ಫರಕ ಇಲ್ರಿ.”

ಕಾಂತಾ ಅಕ್ಕನ ಭುಜ ಹಿಡಿದು ಅಲ್ಲಾಡಿಸಿದಳು. ಬಸವಣ್ಣೆವ್ವ ರೈಲಿಗೆ ಹೊತ್ತಾಯಿತೆಂದು ಎದ್ದಳು.

ಆ ಸಂಜೆ ರೈಲಿನಲ್ಲಿ ಕಿಟಕಿಯ ಬದಿಗೆ ಕುಳಿತಿದ್ದಳು. ದೇಸೂರು ಬಂತು, ಖಾನಾಪುರ ಬಂತು. ಪ್ರತಿ ನಿಲ್ದಾಣದಲ್ಲೂ ಹಳದಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದಿತ್ತು. ಇಷ್ಟು ವರ್ಷ ಆ ಹಲಗೆಗಳನ್ನು ಅವಳು ಗಿಡಮರಗಳನ್ನು ನೋಡುವಂತೆ ನೋಡಿಕೊಂಡು ಬಂದಿದ್ದಳು. ತನಗೆ ಓದು ಬಾರದು, ತನ್ನ ತಲೆ ಅಂಥದ್ದಲ್ಲ, ಕಾಂತಾಳದು ಅಂಥದ್ದು ಎಂದು ಯಾವಾಗಲೋ ಮನಸ್ಸಿಗೆ ಹೇಳಿ ಒಪ್ಪಿಸಿದ್ದಳು. ಈಗ ಆ ಸಮಾಧಾನವನ್ನು ಯಾರೋ ಕೈಯಿಂದ ಕಸಿದುಕೊಂಡಂತಾಯಿತು.

ಮನೆಗೆ ಬಂದವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದುದನ್ನು ಕಂಡು ಉಳವಪ್ಪ, “ಯಾಕ, ಏನಾತು?” ಎಂದ.

“ಕಾಂತಾನ ತಲಿನೂ ನನ್ನ ತಲಿನೂ ಒಂದ ಅಂತ. ಪರೀಕ್ಷಾ ಮಾಡಿ ಹೇಳಿದ್ರು.”

“ಚಲೋನ ಆತಲ್ಲ.”

“ಏನ್ ಚಲೋ ಆತು? ಅತ್ತಿ ಬಂದಾಗ ನನಗ ಎಚ್ಚರಿದ್ದಿದ್ರ ಅಕಿ ಇಲ್ಲಿ ಸಗಣಿ ಬಳೀತಿದ್ಲು. ನಾ ಅಲ್ಲಿ ಕುರ್ಚಿ ಮ್ಯಾಲ ಕುಂದರತಿದ್ನಿ. ಅಷ್ಟ ಅಲ್ಲನು?”

ಉಳವಪ್ಪ, “ನಾ ಸಿಗತಿರಲಿಲ್ಲಲ್ಲ ನಿನಗ” ಎಂದ. ಅವನು ತಮಾಷೆಗೆ ಹೇಳಿದ್ದೋ ಖರೇ ನೊಂದು ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಮುಂದಿನ ವರ್ಷ ಗಂಗಾದೇವಿ ಒಬ್ಬಳೇ ಗುಂಜಿಗೆ ಬಂದಳು. ಮನೆತನದ ಕಾಯಿಲೆಗಳ ಬಗ್ಗೆ ಕೇಳಬೇಕಿತ್ತು. ಕಾಂತಾಳನ್ನು ಕೇಳಿದಾಗ ಅವಳು, ನಮ್ಮವ್ವ ನಾವು ಸಣ್ಣವರಿದ್ದಾಗ ಚಳಿಜ್ವರದಿಂದ ತೀರಿಕೊಂಡಳು ಎಂದಷ್ಟೇ ಹೇಳಿದ್ದಳು. ಬಸವಣ್ಣೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಜ್ವರ ಬಂದದ್ದು ಖರೇ. ಅದು ಕಡೀಕ ಬಂತು” ಎಂದಳು.

ಅದಕ್ಕೂ ಮೊದಲಿನದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ ತಾಯಿ ನಿಂಗವ್ವ ಮಾತು ಕಡಿಮೆ ಮಾಡಿದಳು. ಆಮೇಲೆ ಬಿಟ್ಟೇಬಿಟ್ಟಳು. ದನದ ಕೊಟ್ಟಿಗೆಯ ಬದಿಯ ಗೋಡೆಗೆ ಮುಖ ಮಾಡಿ ದಿನವಿಡೀ ಕೂರುತ್ತಿದ್ದಳು. ತುತ್ತು ಇಟ್ಟರೆ ತುತ್ತು, ಇಲ್ಲದಿದ್ದರೆ ಇಲ್ಲ. ಗಾಳಿ ಹೊಕ್ಕಿದೆ ಎಂದು ಅವರಿವರ ಹತ್ತಿರ ಕರೆದೊಯ್ದರು. ತಾಯಿತ ಕಟ್ಟಿದರು, ಬೇವಿನ ಸೊಪ್ಪಿನಿಂದ ಬಡಿದರು. ತಾಯಿಯ ತಲೆ ಬಾಚಿ, ಮೈ ತೊಳೆದು, ಕೈ ಹಿಡಿದು ಬಯಲಿಗೆ ಕರೆದೊಯ್ಯುವ ಕೆಲಸ ಬಸವಣ್ಣೆವ್ವನದು. ಕಾಶವ್ವ ಆಮೇಲೆ ಕಾಂತಾಳನ್ನು ಪಾರಿಶ್ವಾಡಕ್ಕೆ ಕಳಿಸಲಿಲ್ಲ. ಒಂದು ಚಳಿಗಾಲ ಜ್ವರ ಬಂದು ನಿಂಗವ್ವ ಹೋದಳು. ಮಣ್ಣಿಗೆ ಬಂದ ಕಾಂತಾಳಿಗೆ ಜ್ವರದ ಮಾತಷ್ಟೇ ಹೇಳಿದರು. ಬಸವಣ್ಣೆವ್ವನಿಗೂ ತಂದೆ, ಅಕಿಗೆ ಹೇಳಬ್ಯಾಡ ಎಂದಿದ್ದ.

“ಬಾಯಾರ, ನೀವು ಕೇಳಿದ್ರಂತ ಹೇಳೇನಿ. ಕಾಂತಾಗ ಇದು ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ.”

“ನಾ ಯಾರ ಹೆಸರೂ ಹಾಕೂದಿಲ್ಲ. ಊರಿನ ಹೆಸರೂ ಹಾಕೂದಿಲ್ಲ. ನನ್ನ ಮ್ಯಾಲ ಭರೋಸಾ ಇಡ್ರಿ” ಎಂದಳು ಗಂಗಾದೇವಿ. ಅವಳ ಕಣ್ಣು ತುಂಬಿತ್ತು. ಅದೂ ಸುಳ್ಳಲ್ಲ.

ಅವಳು ಮಾತು ಮೀರಲಿಲ್ಲ. ಹೆಸರು ಹಾಕಲಿಲ್ಲ. ೧೯೮೧ರಲ್ಲಿ ಬೆಳಗಾವಿಯ ಒಂದು ಸಭಾಂಗಣದಲ್ಲಿ ವಿದ್ವಾಂಸರ ಕೂಟ ನಡೆದಾಗ ಅವಳು ತನ್ನ ಲೇಖನ ಓದಿದಳು. ಕಾಡಂಚಿನ ಊರಿನ ರೈತ ಮಹಿಳೆ, ನಗರದ ಹುಡುಗಿಯರ ಶಾಲೆಯ ಶಿಕ್ಷಕಿ, ಮಾತು ಬಿಟ್ಟು ಕುಳಿತು ತೀರಿಹೋದ ತಾಯಿ. ಇಂಥ ಕಾಯಿಲೆ ಅವಳಿಗಳಲ್ಲಿ ಒಬ್ಬಳಿಗೆ ಬಂದರೆ ಇನ್ನೊಬ್ಬಳಿಗೂ ಬರಬಹುದೇ, ಕಾದು ನೋಡಬೇಕಾಗಿದೆ ಎಂದು ಮುಗಿಸಿದಳು. ಚಪ್ಪಾಳೆ ಬಿತ್ತು. ಕೇಳಲು ಬಂದವರಲ್ಲಿ ಊರಿನ ಮಾಸ್ತರರು, ಶಿಕ್ಷಕಿಯರು ಎಲ್ಲ ಇದ್ದರು. ಕಾಂತಾಳ ಮುಖ್ಯಾಧ್ಯಾಪಕಿಯೂ ಇದ್ದಳು. ಹಳ್ಳಿಯಲ್ಲಿ ಬೆಳೆದ ಅವಳಿ ಅಕ್ಕ ಇರುವ ಶಿಕ್ಷಕಿಯರು ಬೆಳಗಾವಿಯಲ್ಲಿ ಎಷ್ಟು ಮಂದಿ ಇದ್ದಾರು?

ಮರುದಿನ ಮುಖ್ಯಾಧ್ಯಾಪಕಿ ಕಾಂತಾಳನ್ನು ಕರೆದು, ಅಂತಃಕರಣದಿಂದಲೇ, “ನಿಮ್ಮ ತಾಯಾರು ಅಷ್ಟು ಕಷ್ಟಪಟ್ರು ಅಂತ ಗೊತ್ತಿರಲಿಲ್ರಿ” ಎಂದಳು.

ಕಾಂತಾ ರಜೆಯನ್ನೂ ಕೇಳದೆ ರೈಲು ಹತ್ತಿದಳು. ಗುಂಜಿಯಲ್ಲಿ ಇಳಿದು, ನೇರ ಗದ್ದೆಗೆ ಬಂದಳು. ಬಸವಣ್ಣೆವ್ವ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ಶಾಲೆಯ ಸೀರೆ, ಚಪ್ಪಲಿ ಕೆಸರಾಗಿ ನಿಂತ ತಂಗಿಯನ್ನು ನೋಡಿದ ಕೂಡಲೇ ಏನಾಗಿದೆ ಎಂದು ಅವಳಿಗೆ ತಿಳಿಯಿತು.

“ಅವ್ವಗ ಏನಾಗಿತ್ತು?” ಕಾಂತಾ ಕೇಳಿದಳು.

“ಕುಂದರು ಮೊದಲ.”

“ನಾ ಕುಂದರಾಕ ಬಂದಿಲ್ಲ. ಊರಿನ ಮಂದೀಗೆಲ್ಲಾ ಗೊತ್ತೈತಿ. ಆ ಕಾಲೇಜಿನ ಬಾಯಿಗೆ ಹೇಳಿದಿ. ನನಗ ಯಾಕ ಹೇಳಲಿಲ್ಲ?”

“ನೀ ಅವ್ವನ ನಗೂ ಮಾರಿ ನೋಡೀದಿ. ಅದಾದ್ರೂ ನಿನಗ ಉಳೀಲಿ ಅಂತ.”

“ನಾ ಅವ್ವನ ಮಾರಿನೇ ನೋಡಿಲ್ಲ ಅಕ್ಕಾ. ವರ್ಷಕ್ಕೊಮ್ಮೆ ಬಂದು ಹೋಗಾಕಿಗೆ ಏನ್ ಕಾಣತೈತಿ? ಇದ್ದ ಅವ್ವನ ನೀ ಇಟಗೊಂಡಿ. ಆಕಿ ಜಡ್ಡು ಸುದ್ದಾ ನೀನ ಇಟಗೊಂಡಿ.”

ಬಸವಣ್ಣೆವ್ವನ ಕುಡುಗೋಲು ಕೈಯಲ್ಲೇ ಉಳಿಯಿತು. ತಾಯಿಯನ್ನು ತಾನು ಇಟ್ಟುಕೊಂಡೆ ಎಂದು ಯಾರಾದರೂ ಹೊಟ್ಟೆಕಿಚ್ಚು ಪಡಬಹುದೆಂದು ಅವಳು ಎಂದೂ ಎಣಿಸಿರಲಿಲ್ಲ. ಹೊಟ್ಟೆಕಿಚ್ಚು ತನ್ನೊಬ್ಬಳದೇ ಎಂದುಕೊಂಡಿದ್ದಳು.

ಅಷ್ಟರಲ್ಲೇ ನಿಂತಿದ್ದರೆ ಕಾಲ ಕಳೆದಂತೆ ಮಾಯುತ್ತಿತ್ತೇನೋ. ಆದರೆ ಮಹಾನಂದಾಳಿಗೆ ಬೈಲಹೊಂಗಲದ ಒಂದು ಮನೆಯಲ್ಲಿ ಸಂಬಂಧ ಗೊತ್ತಾಗಿತ್ತು. ಎಲೆಯಡಿಕೆಯೂ ಆಗಿತ್ತು. ಸುದ್ದಿ ಅವರ ಕಿವಿಗೆ ಬಿತ್ತು. ಹುಡುಗನ ಸೋದರಮಾವ ಬಂದು, ಚಹಾ ಕುಡಿದು, ಈರಣ್ಣನಿಗೆ ಮೆಲ್ಲಗೆ ಹೇಳಿದ: “ಹುಡುಗಿ ಬಂಗಾರದಂಥಾಕಿ. ಖರೇ, ಮನೆತನದಾಗ ಇಂಥಾದ್ದೈತಿ ಅಂತ ನೀವ ಮೊದಲ ಹೇಳಬೇಕಿತ್ರಿ.” ಈರಣ್ಣನಿಗೇ ಮೊದಲು ಗೊತ್ತಿರಲಿಲ್ಲ. ಸಂಬಂಧ ಮುರಿಯಿತು.

ಮಹಾನಂದಾ ಅತ್ತು, ಸುಧಾರಿಸಿಕೊಂಡು, ಓದು ಮುಂದುವರಿಸಿದಳು. ಕಾಂತಾ ಅಳಲಿಲ್ಲ. ಶಾಲೆಗೆ ಹೋಗುವುದನ್ನು ಮೊದಲು ವಾರಕ್ಕೊಂದು ದಿನ ತಪ್ಪಿಸಿದಳು, ಆಮೇಲೆ ಬಿಟ್ಟಳು. ಅಡುಗೆ ಮಗಳ ಪಾಲಿಗೆ ಬಂತು. ೧೯೮೨ರ ಮಳೆಗಾಲದಲ್ಲಿ ಈರಣ್ಣ ಗುಂಜಿಗೆ ಬಂದು, ಕಟ್ಟೆಯ ಮೇಲೆ ಕುಳಿತು, ತಲೆ ತಗ್ಗಿಸಿ, “ನೀವು ಒಮ್ಮೆ ಬರ್ರಿ ವೈನಿ” ಎಂದಷ್ಟೇ ಹೇಳಿದ.

ಹಿಂದವಾಡಿಯ ಮನೆಯ ಒಳಕೋಣೆಯಲ್ಲಿ ಕಾಂತಾ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಬಾಗಿಲಲ್ಲಿ ನಿಂತ ಬಸವಣ್ಣೆವ್ವನಿಗೆ ಕಂಡದ್ದು ತಾಯಿಯ ಬೆನ್ನು. ಹೆಗಲು ಬಾಗಿದ ರೀತಿ ಅದೇ, ಕುತ್ತಿಗೆಯ ಮೇಲೆ ಕೂದಲು ಜಾರಿದ ರೀತಿ ಅದೇ. ತಂಗಿಯ ಬೆನ್ನು ಅದಾದರೆ ತನ್ನ ಬೆನ್ನೂ ಅದೇ ತಾನೆ?

ಅವಳು ಅಲ್ಲೇ ಇದ್ದು ತಂಗಿಯ ತಲೆ ಬಾಚಿದಳು, ಮೈ ತೊಳೆದಳು, ತುತ್ತು ಮಾಡಿ ಬಾಯಿಗಿಟ್ಟಳು. ಕೈಗಳಿಗೆ ಆ ಕೆಲಸದ ಅಭ್ಯಾಸ ತಪ್ಪಿರಲಿಲ್ಲ. ಆದರೆ ಹತ್ತು ವರ್ಷದ ಹುಡುಗಿಗೆ ಇರದಿದ್ದ ಒಂದು ಹೆದರಿಕೆ ಈಗ ಇತ್ತು. ತಾನು ಕ್ಷಣ ಸುಮ್ಮನೆ ಕುಳಿತರೂ, ಬಾಯಿಗೆ ಮಾತು ಬಾರದಿದ್ದರೂ, ಊಟ ರುಚಿಸದಿದ್ದರೂ, ಬಂತೇನೋ ಎಂದು ಬೆಚ್ಚುತ್ತಿದ್ದಳು. ಹೆದರಿಕೆಗೆ ಸುಮ್ಮಸುಮ್ಮನೆ ಗಟ್ಟಿಯಾಗಿ ಮಾತಾಡುತ್ತಿದ್ದಳು.

ಸುದ್ದಿ ತಿಳಿದು ಗಂಗಾದೇವಿ ಬಂದಳು. ಹಿಂದಿನ ಹುರುಪು ಅವಳಲ್ಲಿರಲಿಲ್ಲ. ಅಂಗಳದಲ್ಲೇ ನಿಂತಳು. ಬಸವಣ್ಣೆವ್ವ ಒಳಗೆ ಕರೆಯಲಿಲ್ಲ.

“ಯಾಕ ಬಂದೀರಿ? ಅಕಿಗೆ ಆತು, ಇನ್ನ ನನಗ ಯಾವಾಗ ಬರತೈತಿ ಅಂತ ಹಾದಿ ಕಾಯಾಕ ಬಂದೀರೇನ್ರಿ?”

“ಹಂಗ ಅನಬ್ಯಾಡ್ರಿ ಬಸವಣ್ಣೆವ್ವಾರ.”

“ನೀವ ಬರದೀರಲ್ಲ, ಕಾದು ನೋಡಬೇಕಂತ. ಮಂದಿ ಹೇಳ್ಯಾರ ನನಗ.”

ಗಂಗಾದೇವಿ ತಲೆ ಎತ್ತಲಿಲ್ಲ. “ಹೆಸರು ಬಿಟ್ರ ಸಾಕು ಅಂತ ತಿಳದಿದ್ದೆ. ನಿಮ್ಮನ್ನ ಗುರುತು ಹಿಡಿಯಾಕ ಹೆಸರ ಬೇಕಾಗಿಲ್ಲ ಅಂತ ನನಗ ತಿಳೀಲಿಲ್ಲ. ತಪ್ಪಾತು.”

ಬಸವಣ್ಣೆವ್ವ ದನಿ ತಗ್ಗಿಸಿ ಕೇಳಿದಳು: “ಖರೇ ಹೇಳ್ರಿ. ಬರತೈತೇನು ನನಗೂ?”

“ಬರಬಹುದು. ಬರದನೂ ಇರಬಹುದು. ಇದಕಿಂತ ಹೆಚ್ಚು ಯಾರಿಗೂ ಗೊತ್ತಿಲ್ರಿ. ಕಾಂತಾ ಅವರಿಗೆ ರಕ್ತದಿಂದನ ಬಂತೋ, ನನ್ನ ಲೇಖನದಿಂದ ಬಂತೋ, ಅದೂ ನನಗ ಗೊತ್ತಿಲ್ಲ.”

ಸುಳ್ಳು ಸಮಾಧಾನ ಹೇಳಿದ್ದರೆ ಬಸವಣ್ಣೆವ್ವ ಅವಳನ್ನು ಅಂಗಳದಿಂದಲೇ ಕಳಿಸುತ್ತಿದ್ದಳು. ಈ ಉತ್ತರ ಕೇಳಿ, “ಒಳಗ ಬರ್ರಿ” ಎಂದಳು.

“ಆದ್ರ ಒಂದು ಖರೇ ಗೊತ್ತದ” ಎಂದು ಗಂಗಾದೇವಿ ಮುಂದುವರಿಸಿದಳು. “ನಿಮ್ಮವ್ವನ ಕಾಲಕ್ಕ ಔಷಧ ಇರಲಿಲ್ಲ. ಈಗ ಅದ.”

ಧಾರವಾಡದ ಆಸ್ಪತ್ರೆಗೆ ಕರೆದೊಯ್ದವಳು ಗಂಗಾದೇವಿಯೇ. ಹುಚ್ಚರ ಆಸ್ಪತ್ರೆ ಎಂಬ ಹೆಸರಿಗೇ ಈರಣ್ಣ ಹಿಂಜರಿದ. ನೆರೆಯವರು ಏನೆಂದಾರು ಎಂದ. “ಅವರು ಅನ್ನೂದೆಲ್ಲಾ ಅಂದ ಆಗೇತಿ. ಇನ್ನೇನ್ ಉಳದೈತಿ?” ಎಂದು ಬಸವಣ್ಣೆವ್ವ ತಂಗಿಯ ಕೈ ಹಿಡಿದು ಬಸ್ಸು ಹತ್ತಿಸಿದಳು. ಅಲ್ಲಿನ ಡಾಕ್ಟರು ಗುಳಿಗೆ ಕೊಟ್ಟರು, ನಿಧಾನ ಆಗುತ್ತದೆ, ಗದ್ದಲವಿಲ್ಲದ ಜಾಗದಲ್ಲಿ ಇರಿಸಿರಿ ಎಂದರು. ಬಸವಣ್ಣೆವ್ವ ಕಾಂತಾಳನ್ನು ಗುಂಜಿಗೆ ತಂದಳು.

ಉಳವಪ್ಪ ಪಡಸಾಲೆಯ ಮೂಲೆಯಲ್ಲಿ, ಗಾಳಿ ಬೆಳಕು ಬರುವಲ್ಲಿ, ಹೊರಸು ಹಾಕಿಕೊಟ್ಟ. ಗೋಡೆಯ ಕಡೆ ತಿರುಗಿ ಕೂರುವ ಕಾಂತಾಳನ್ನು ಅಕ್ಕ ದಿನವೂ ಬಾಗಿಲ ಕಡೆ ತಿರುಗಿಸಿ ಕೂರಿಸುತ್ತಿದ್ದಳು. ಹೊತ್ತು ಕಳೆಯುವುದರೊಳಗೆ ಅವಳು ಮತ್ತೆ ಗೋಡೆಗೆ ತಿರುಗಿರುತ್ತಿದ್ದಳು. ಗುಳಿಗೆ ನುಂಗಿಸುವುದು ಒಂದು ಯುದ್ಧ. ತಿಂಗಳುಗಳು ಹೋದವು. ಉಂಡರೆ ಉಂಡಳು, ಮಲಗಿದರೆ ಮಲಗಿದಳು. ಮಾತಿಲ್ಲ.

ಬಸವಣ್ಣೆವ್ವನ ಎದೆಯಲ್ಲಿ ಆ ಮರದ ತುಂಡುಗಳ ಪರೀಕ್ಷೆಯ ಉರಿ ಇನ್ನೂ ಆರಿರಲಿಲ್ಲ. ಒಂದು ಮಧ್ಯಾಹ್ನ ಮಗನ ಹಳೆಯ ಪಾಟಿ ಅಟ್ಟದ ಮೇಲಿಂದ ತೆಗೆದು, ಬಳಪ ಹಿಡಿದು, ತಂಗಿಯ ಹೊರಸಿನ ಬದಿಗೆ ಕುಳಿತಳು. ಎಣ್ಣೆ ಡಬ್ಬಿಯ ಮೇಲಿದ್ದ ಅಕ್ಷರಗಳನ್ನು ನೋಡಿ ನೋಡಿ ತಿದ್ದತೊಡಗಿದಳು. ಬರೆದದ್ದೆಲ್ಲ ಸೊಟ್ಟ. ತಂಗಿಯನ್ನು ಮಾತಾಡಿಸುವ ಹಂಚಿಕೆ ಅದರಲ್ಲಿ ಇತ್ತೋ ಇಲ್ಲವೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ದಿನಾ ಕೂರುತ್ತಿದ್ದಳು. ಮಳೆ ಹೋಗಿ ಬಿಸಿಲು ಬಿದ್ದ ಕಾಲದಲ್ಲಿ ಒಂದು ದಿನ ಅವಳು ಬಾಗಿ ಬರೆಯುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಬಳಪವನ್ನು ತೆಗೆದುಕೊಂಡಿತು.

“ಹಂಗಲ್ಲ” ಎಂದಳು ಕಾಂತಾ. ದನಿ ತುಕ್ಕು ಹಿಡಿದಂತಿತ್ತು. “ಎಡಗಡೆಯಿಂದ ಚಾಲೂ ಮಾಡು.”

ಬಸವಣ್ಣೆವ್ವ ತಿರುಗಿ ನೋಡಲಿಲ್ಲ. ನೋಡಿದರೆ ಮಾತು ಹೋದೀತೆಂಬ ಭಯ. ಎಡಗಡೆಯಿಂದ ಬರೆದಳು.

ಅಂದಿನಿಂದ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಎರಡು ಮಾತಾಡಿದ ದಿನದ ಮರುದಿನ ಕಾಂತಾ ಮತ್ತೆ ಗೋಡೆಗೆ ತಿರುಗುತ್ತಿದ್ದಳು. ಒಮ್ಮೆ ಪಾಟಿಯನ್ನು ಎತ್ತಿ ಒಗೆದು ಒಡೆದಳು. “ನಿನಗ ಇದು ಬೇಕಾಗಿತ್ತಲ್ಲ, ತಗೋ, ನನ್ನ ಓದೂ ತಗೋ, ನನ್ನ ಮನಿನೂ ತಗೋ” ಎಂದು ಕಿರುಚಿದಳು. ಬಸವಣ್ಣೆವ್ವ ಅಂದು ಎಮ್ಮೆಯ ಕೊಟ್ಟಿಗೆಗೆ ಹೋಗಿ ಅತ್ತಳು. ತನ್ನ ಮನಸ್ಸಿನಲ್ಲಿದ್ದ ಮಾತನ್ನೇ ತಂಗಿ ಆಡಿದ್ದಳು.

ಆ ಹೊತ್ತಿಗೆ ಗಂಗಾದೇವಿಯ ಮಹಾಪ್ರಬಂಧ ಮುಗಿಯುವ ಹಂತದಲ್ಲಿತ್ತು. ಅವಳು ಗುಂಜಿಗೆ ಬಂದು ಅಕ್ಕತಂಗಿಯರ ಮುಂದೆ ಕುಳಿತು ಕೇಳಿದಳು: “ನಿಮ್ಮ ಜೋಡಿ ವಿಷಯ ಇಟ್ಟುಕೊಳ್ಳಲೋ, ತಗದು ಹಾಕಲೋ? ನೀವು ಹೇಳಿದಂಗ.”

ಈ ಜೋಡಿ ಇಲ್ಲದಿದ್ದರೆ ಪ್ರಬಂಧದಲ್ಲಿ ಜೀವವೇ ಉಳಿಯದು ಎಂಬುದು ಬಸವಣ್ಣೆವ್ವನಿಗೂ ತಿಳಿದಿತ್ತು. ಆಸ್ಪತ್ರೆಗೆ ಅಲೆದ ಋಣವೂ ಇತ್ತು. ಅವಳು ತಂಗಿಯ ಮುಖ ನೋಡಿದಳು. ಕಾಂತಾ ಕಿಟಕಿಯ ಆಚೆ ನೋಡುತ್ತ, “ಬರೀಬ್ಯಾಡ್ರಿ” ಎಂದಳು. “ನಮ್ಮವ್ವಂದಂತೂ ಬರೀಲೇಬ್ಯಾಡ್ರಿ.”

ಗಂಗಾದೇವಿ ಬರೆಯಲಿಲ್ಲ. ಉಳಿದ ಅವಳಿಗಳನ್ನೇ ಇಟ್ಟುಕೊಂಡು ಬರೆದ ಪ್ರಬಂಧಕ್ಕೆ ಬಹಳ ತಡವಾಗಿ ಪದವಿ ಬಂತು. ಅದರಲ್ಲಿ ಹೊಸದೇನೂ ಇಲ್ಲ ಎಂದು ಅವಳ ಜೊತೆಯವರು ಆಡಿಕೊಂಡರಂತೆ. ಅವಳು ಪೇಢೆಯ ಪೊಟ್ಟಣ ಹಿಡಿದು ಗುಂಜಿಗೆ ಬಂದಾಗ ಬಸವಣ್ಣೆವ್ವ ತಿಂದಳು. ಅಭಿನಂದನೆಯ ಮಾತು ಬಾಯಿಗೆ ಬಂದರೂ ಆಡಲಾಗಲಿಲ್ಲ.

ಕಾಂತಾ ೧೯೮೪ರಲ್ಲಿ ಹಿಂದವಾಡಿಗೆ ಮರಳಿದಳು. ಶಾಲೆಗೆ ಹೋಗಲಿಲ್ಲ. ಮನೆಯ ಕೆಲಸ ಮಾಡುತ್ತಿದ್ದಳು, ಗುಳಿಗೆ ತಪ್ಪಿಸುತ್ತಿರಲಿಲ್ಲ, ಮಳೆಗಾಲ ಬಂದರೆ ಮನೆಯವರೆಲ್ಲ ಅವಳ ಮೇಲೆ ಕಣ್ಣಿಟ್ಟಿರುತ್ತಿದ್ದರು. ಮಹಾನಂದಾ ನರ್ಸ್ ಕೆಲಸ ಕಲಿತು, ತನ್ನನ್ನು ಕೇಳಿಬಂದ ಹುಡುಗನಿಗೆ ಅಜ್ಜಿಯ ಸಂಗತಿ, ತಾಯಿಯ ಸಂಗತಿ ಎಲ್ಲ ತಾನೇ ಮೊದಲು ಹೇಳಿದಳು. ಅವನು ಯೋಚಿಸುತ್ತೇನೆ ಎಂದು ಹೋದವನು, ಬಾರದಿರಬಹುದು ಎಂದು ಎಲ್ಲರೂ ಆಸೆ ಬಿಟ್ಟ ಮೇಲೆ ಬಂದ.

೧೯೮೬ರಲ್ಲಿ ಉಳವಪ್ಪ ಹೊಲದಿಂದ ಬಂದು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ. ದಿನಕರ್ಮ ಮುಗಿದು ನೆಂಟರು ಹೋದರು. ಬಸವಣ್ಣೆವ್ವನ ಬಾಯಲ್ಲಿ ಮಾತು ಕಡಿಮೆಯಾಯಿತು. ಗಂಡ ಹೋದವಳು ಎಂದು ಮಕ್ಕಳು, ಸೊಸೆ ಸುಮ್ಮನಿದ್ದರು. ಹಿಟ್ಟು ನಾದುತ್ತ ಕೈ ನಿಲ್ಲುತ್ತಿತ್ತು. ಬೆಳಿಗ್ಗೆ ಏಳುವುದು ಭಾರವಾಗುತ್ತಿತ್ತು. ಒಂದು ದಿನ ತಾನು ಎಷ್ಟು ಹೊತ್ತಿನಿಂದ ಗೋಡೆಯನ್ನು ನೋಡುತ್ತ ಕುಳಿತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಬಿಸಿಲು ಅಂಗಳ ದಾಟಿ ಹೋಗಿತ್ತು.

ಮರುದಿನ ಅವಳು ಮಕ್ಕಳಿಗೆ ಬೆಳಗಾವಿಗೆ ಹೋಗುತ್ತೇನೆಂದು ಹೇಳಿ, ಲೋಂಡಾದ ಕಡೆಯ ರೈಲು ಹತ್ತಿ, ಅಲ್ಲಿಂದ ಧಾರವಾಡಕ್ಕೆ ಹೋದಳು. ಆಸ್ಪತ್ರೆಯಲ್ಲಿ ಬಾಗಿಲ ಮೇಲಿನ ಹಲಗೆಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಡಾಕ್ಟರರ ಕೋಣೆ ಹುಡುಕಿಕೊಂಡಳು.

“ಯಾರನ್ನ ಕರಕೊಂಡು ಬಂದೀರಿ?” ಡಾಕ್ಟರು ಕೇಳಿದರು.

“ನನ್ನನ್ನ” ಎಂದಳು ಬಸವಣ್ಣೆವ್ವ.

ಗಂಡ ಸತ್ತ ದುಃಖವೋ, ತಾಯಿಯಿಂದ ಬಂದದ್ದೋ ಹೇಳಲಾಗದು ಎಂದರು ಅವರು. ಯಾವುದಾದರೂ ಆಗಲಿ, ಗುಳಿಗೆ ಕೊಡಿರಿ ಎಂದಳು. ವರ್ಷ ಕಳೆಯುವಷ್ಟರಲ್ಲಿ ಭಾರ ಇಳಿಯಿತು. ಪೂರ್ತಿ ಇಳಿಯಿತೆಂದು ಅವಳು ಯಾರಿಗೂ ಹೇಳಲಿಲ್ಲ. ಈ ಸಂಗತಿ ತಿಳಿದವಳು ಕಾಂತಾ ಒಬ್ಬಳೇ. ಕೇಳಿದ ಕಾಂತಾ, “ನನಗಿಂತ ಶಾಣ್ಯಾಕಿ ನೀ” ಎಂದು, ಬಹಳ ವರ್ಷಗಳ ಮೇಲೆ ನಗುತ್ತ ಬಾಯಿಗೆ ಎಡಗೈ ಅಡ್ಡ ಹಿಡಿದಳು.

ಮಹಾನಂದಾ ಮೊದಲ ಬಸಿರಿನಲ್ಲಿ ತಾಯಿಯನ್ನು ಕರೆದುಕೊಂಡು ಗುಂಜಿಗೆ ಬಂದಳು. ಕೆಲವು ದಿನ ಇದ್ದಳು. ಏನೋ ಕೇಳಬೇಕೆಂದು ಬಂದವಳು ಕೇಳಲಾರದೆ ಓಡಾಡಿಕೊಂಡಿದ್ದಳು. ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕುಳಿತಾಗ ಕೇಳಿಯೇಬಿಟ್ಟಳು.

“ದೊಡ್ಡವ್ವಾ, ನಿಮ್ಮವ್ವ ಹೆಂಗಿದ್ಲು?”

“ಗೋಡಿ ನೋಡಕೊಂತ...”

“ಅದು ಗೊತ್ತೈತಿ. ಅದಕ್ಕಿಂತ ಮೊದಲ?”

ಬಸವಣ್ಣೆವ್ವನ ಕೈ ನಿಂತಿತು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗಂಗಾದೇವಿ ಜಡ್ಡು ಕೇಳಿದ್ದಳು. ಬೀಗರು ಜಡ್ಡು ಕೇಳಿದ್ದರು. ಬಸವಣ್ಣೆವ್ವ ಕೂಡ ಅದನ್ನೇ ನೆನೆದುಕೊಂಡು ಬಂದಿದ್ದಳು. ನೆನಪು ಮೊದಲು ಬರಲೊಲ್ಲದು. ಆಮೇಲೆ ಬಂತು.

“ಗೌಡರು ನಡದಂಗ ನಡದು ತೋರಸ್ತಿದ್ಲು” ಎಂದಳು. “ಕಳೇ ತಗಿಯಾಕ ಹೋದಾಗ. ಹೊಟ್ಟಿ ಮುಂದ ಮಾಡಿ, ಒಂದು ಕೈ ಬೆನ್ನಿಗಿಟಗೊಂಡು. ಹೆಣ್ಣಮಕ್ಕಳೆಲ್ಲಾ ಸಾಲಿನ್ಯಾಗ ಬಿದ್ದು ನಗತಿದ್ರು. ಒಮ್ಮೆ ಹಿಂದ ಗೌಡರ ಬಂದು ನಿಂತಾರ, ಇಕಿಗೆ ಗೊತ್ತಿಲ್ಲ.”

ಮಹಾನಂದಾ ನಕ್ಕಳು. “ಆಮ್ಯಾಲ?”

“ಆಮ್ಯಾಲೇನು, ಹಂಗ ನಡಕೊಂತ ಮನಿಗೆ ಹೋದ್ಲು.”

ಕಾಂತಾ ಅವರೆಕಾಯಿ ಬಿಟ್ಟು ಹತ್ತಿರ ಸರಿದಳು. ತಾಯಿಯ ಬಗ್ಗೆ ಅವಳಿಗೆ ಹೇಳಲು ಏನೂ ಇರಲಿಲ್ಲ, ಕೇಳುವುದು ಮಾತ್ರ ಇತ್ತು.

“ಹಾಡತಿದ್ಲೇನಕ್ಕಾ?”

“ಹಾಡಾಕ ಬರತಿರಲಿಲ್ಲ ಅಕಿಗೆ. ರಾಗ ಒಂದು ಕಡೆ, ಇಕಿ ಒಂದು ಕಡೆ. ಆದ್ರೂ ಹಾಡತಿದ್ಲು, ಬೀಸೂಕಲ್ಲಿನ ಮುಂದ ಕುಂತು.”

“ಯಾವ ಹಾಡು?”

ಬಸವಣ್ಣೆವ್ವ ಒಂದು ಸಾಲು ಗುನುಗಲು ನೋಡಿದಳು. ಅವಳಿಗೂ ರಾಗ ಹತ್ತಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಶುರುಮಾಡಿದಳು.